ಮಕ್ಕಳಿಗೆ ಸೋಶಿಯಲ್ ಮೀಡಿಯಾ ಸುರಕ್ಷತೆ ಕಲಿಸುವುದು: ಫೋನ್ ಕೈಯಲ್ಲಿ ಹಿಡಿದೇ ಮಾಡಬೇಕಾದ ತರಗತಿ

ಸೈಬರ್ ಜಾಗೃತಿ ತರಗತಿ ಮುಗಿದ ವಾರದ ನಂತರ ಮಕ್ಕಳ ಫೋನ್ ತೆರೆದು ನೋಡಿ. ಪ್ರೊಫೈಲ್ ಫೋಟೋ ಎಲ್ಲರಿಗೂ ಕಾಣುತ್ತಿರುತ್ತದೆ, ಪಿನ್ ಹಾಕಿರುವುದಿಲ್ಲ, ಗುರುತಿಲ್ಲದ ಫಾಲೋವರುಗಳು ಇದ್ದಲ್ಲೇ ಇರುತ್ತಾರೆ. ಮಕ್ಕಳು ಕಿವಿಗೊಡಲಿಲ್ಲ ಎಂದು ಅವರನ್ನು ದೂರುವುದು ಸುಲಭ. ಆದರೆ ತರಗತಿ ನಡೆದ ರೀತಿಯಲ್ಲೇ ದೋಷವಿದೆ. ಕೇರಳದ ಶಾಲೆಗಳಿಗೆ ಮಕ್ಕಳು ಮೊಬೈಲ್ ತರುವಂತಿಲ್ಲ. ಫೋನ್ ಇಲ್ಲದ ಕೋಣೆಯಲ್ಲಿ ಫೋನಿನ ಪಾಠ ನಡೆಯುತ್ತದೆ, ಮನೆಗೆ ಹೋದ ಮೇಲೆ ಯಾವ ಮೆನು ಎಲ್ಲಿತ್ತು ಎಂದು ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ದೋಷ ಕ್ರಮದ್ದು. ಹೆಚ್ಚಿನವರು ಹೆದರಿಸುವ ಕಥೆಯಿಂದ ಶುರುಮಾಡುತ್ತಾರೆ. ಹೆದರಿದ ಮಗು ಜಾಗ್ರತೆ ಕಲಿಯುವುದಕ್ಕಿಂತ ಮೊದಲು ಮುಚ್ಚಿಡುವುದನ್ನು ಕಲಿಯುತ್ತದೆ. ಕೆಳಗಿನ ಕ್ರಮದಲ್ಲಿ ಅಪಾಯದ ಮಾತು ಕೊನೆಗೆ ಬರುವುದು ಅದಕ್ಕಾಗಿಯೇ.

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ 8ರಿಂದ ಪ್ಲಸ್ ಟು ವರೆಗಿನ ಮಕ್ಕಳಿಗೆ ಹೇಳಿಕೊಡುವ ಅಧ್ಯಾಪಕರು, ಗ್ರಂಥಾಲಯ ಮತ್ತು ಕ್ಲಬ್ಬಿನವರು, ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘಗಳು) ಸದಸ್ಯರು, ಹೆತ್ತವರು ಇದನ್ನು ಬಳಸಬಹುದು. 13 ವರ್ಷ ತುಂಬದವರು ವಾಟ್ಸಾಪಿನಲ್ಲಾಗಲಿ ಇನ್‌ಸ್ಟಾಗ್ರಾಮಿನಲ್ಲಾಗಲಿ ತಾವಾಗಿ ಖಾತೆ ತೆರೆಯುವಂತಿಲ್ಲ. ಅಂಥ ಮಕ್ಕಳಿಗೆ ಸೆಟ್ಟಿಂಗ್ಸ್ ಕಲಿಸಲು ಹೋಗಬೇಡಿ.

## ಬೇಕಾಗುವುದು

ಶನಿವಾರ ಅಥವಾ ರಜೆಯ ದಿನ, ಶಾಲೆಯ ಹೊರಗೆ ಒಂದು ಜಾಗ: ಗ್ರಂಥಾಲಯ, ಕ್ಲಬ್ಬಿನ ಕೋಣೆ, ಅಂಗನವಾಡಿ, ಯಾವುದಾದರೂ ಸರಿ. ಮುಕ್ಕಾಲು ಗಂಟೆಯ ಮೂರು ಬೈಠಕ್, ಒಂದು ಗುಂಪಿನಲ್ಲಿ ಹತ್ತಕ್ಕಿಂತ ಹೆಚ್ಚು ಮಕ್ಕಳು ಬೇಡ, ನಾಲ್ಕೈದು ಮಕ್ಕಳಿಗೆ ಒಬ್ಬರು ಸಹಾಯಕರು. ನಿಮ್ಮ ಶಾಲೆಯಲ್ಲಿ ಲಿಟಲ್ ಕೈಟ್ಸ್ (ಶಾಲಾ ಮಕ್ಕಳ ಐಟಿ ಕ್ಲಬ್) ಘಟಕವಿದ್ದರೆ ಅದರ ಮಕ್ಕಳೇ ಒಳ್ಳೆಯ ಸಹಾಯಕರು, ಮೆನು ಹುಡುಕುವುದರಲ್ಲಿ ನಮಗಿಂತ ಚುರುಕು.

ಮಕ್ಕಳು ದಿನಾ ಬಳಸುವ ಫೋನನ್ನೇ ತರಬೇಕು. ಅದು ಅಮ್ಮನದ್ದಾದರೆ ಅಮ್ಮನೂ ಬರಲಿ. ಪೂರ್ತಿ ಚಾರ್ಜ್, ಒಂದು ಎಕ್ಸ್‌ಟೆನ್ಶನ್ ಬೋರ್ಡ್, ಒಂದು ವೈಫೈ, ಪ್ರತಿಯೊಬ್ಬರಿಗೂ ಒಂದು ಕಾಗದ ಮತ್ತು ಪೆನ್ನು. ಪ್ರೊಜೆಕ್ಟರ್ ಬೇಡ. ಅದು ಇದ್ದರೆ ನೀವು ಭಾಷಣಕ್ಕೆ ಇಳಿದುಬಿಡುತ್ತೀರಿ.

ಒಬ್ಬರ ಫೋನ್ ಇಂಗ್ಲಿಷಿನಲ್ಲಿ, ಇನ್ನೊಬ್ಬರದ್ದು ಮಲಯಾಳದಲ್ಲಿ, ಮತ್ತೊಬ್ಬರದ್ದು ಕನ್ನಡದಲ್ಲಿ ಇರುತ್ತದೆ. ಮೆನುವಿನ ಹೆಸರು ಕೂಗಿ ಹೇಳಿದರೆ ಅರ್ಧ ಮಕ್ಕಳಿಗೆ ಸಿಗುವುದಿಲ್ಲ. ತರಗತಿಯ ಅವಧಿಗೆ ಎಲ್ಲರೂ ಆಪ್‌ಗಳನ್ನು ಒಂದೇ ಭಾಷೆಗೆ ತಂದುಕೊಳ್ಳುವುದು ಸಲೀಸು.

## ಹಂತ 1: ಮೊದಲು ದೊಡ್ಡವರ ಸಭೆ

ಮಕ್ಕಳನ್ನು ಕರೆಯುವ ಮೊದಲು ಹೆತ್ತವರನ್ನು ಅರ್ಧ ಗಂಟೆ ಕೂರಿಸಿ. ಅವರಿಂದ ಬೇಕಾದದ್ದು ಒಂದೇ ಮಾತು: "ಏನಾದರೂ ಆಗಿದೆ ಎಂದು ಮಗು ಬಂದು ಹೇಳಿದರೆ ಫೋನ್ ಕಿತ್ತುಕೊಳ್ಳುವುದಿಲ್ಲ." ಬೆದರಿಕೆಗೆ ಸಿಕ್ಕ ಮಗು ಬಾಯಿ ಬಿಡದಿರಲು ದೊಡ್ಡ ಕಾರಣ ಬೆದರಿಸುವವನ ಭಯವಲ್ಲ, ಮನೆಯಲ್ಲಿ ಆಗುವ ರಂಪದ ಭಯ. ಬೆದರಿಸುವವನಿಗೂ ಇದು ಗೊತ್ತು. "ಅಪ್ಪನಿಗೆ ಕಳಿಸುತ್ತೇನೆ" ಎಂಬುದೇ ಅವನ ಮೊದಲ ಆಯುಧ.

ಈ ಮಾತು ಸಿಗದಿದ್ದರೆ ಮುಂದಿನ ಹಂತಗಳಿಗೆ ಅರ್ಥವಿಲ್ಲ, ಇನ್ನೊಂದು ಸಭೆ ಕರೆಯಿರಿ. ಅಪ್ಪ ಗಲ್ಫಿನಲ್ಲಿದ್ದರೆ ವಿಡಿಯೋ ಕಾಲಿನಲ್ಲಾದರೂ ಅವರನ್ನು ಸೇರಿಸಿಕೊಳ್ಳಿ. ದೂರದಿಂದ ಸಿಟ್ಟು ಮಾಡಿಕೊಳ್ಳುವವರೂ ಹೆಚ್ಚಾಗಿ ಅವರೇ, ಒಟಿಪಿ ಹೋಗುವುದೂ ಅವರ ನಂಬರಿಗೇ.

ತರಗತಿ ನಡೆಸುವ ನೀವು ಮಾತ್ರ "ಯಾರಿಗೂ ಹೇಳುವುದಿಲ್ಲ" ಎಂದು ಮಕ್ಕಳಿಗೆ ಭಾಷೆ ಕೊಡಬೇಡಿ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ತಿಳಿಸದಿರುವುದೇ ಅಪರಾಧ. ಮೊದಲೇ ಹೀಗೆ ಹೇಳಿಬಿಡಿ: "ಊರಿಗೆ ಹೇಳುವುದಿಲ್ಲ. ಆದರೆ ನಿನಗೆ ಅಪಾಯ ಇದ್ದರೆ ಸಹಾಯ ಮಾಡಬಲ್ಲವರಿಗೆ ಹೇಳುತ್ತೇನೆ, ನಿನಗೆ ಗೊತ್ತಿದ್ದೇ ಹೇಳುತ್ತೇನೆ."

## ಹಂತ 2: ಖಾತೆ ಯಾರ ನಂಬರಿನಲ್ಲಿದೆ?

ಎಲ್ಲರೂ ಹಾರಿಸಿಬಿಡುವ ಹಂತ ಇದು. ಪ್ರತಿ ಮಗುವೂ ಕಾಗದದಲ್ಲಿ ನಾಲ್ಕು ಗೆರೆ ಬರೆಯಲಿ: ನನಗೆ ಯಾವ ಯಾವ ಖಾತೆಗಳಿವೆ, ಪ್ರತಿಯೊಂದು ಯಾವ ನಂಬರಿನಲ್ಲಿದೆ, ಯಾವ ಇಮೇಲಿನಲ್ಲಿದೆ, ಕೊಟ್ಟ ಹುಟ್ಟಿದ ದಿನ ಯಾವುದು. ಪಾಸ್‌ವರ್ಡ್ ಬರೆಯುವುದು ಬೇಡ.

ಅಪ್ಪ ರಜೆಯಲ್ಲಿ ಬಂದಾಗ ಹಾಕಿದ್ದ ಸಿಮ್, ಈಗ ಬಂದ್ ಆದದ್ದು. ಅಣ್ಣನ ಹಳೆಯ ಇಮೇಲ್. ಮೊಬೈಲ್ ಅಂಗಡಿಯವನು ಫೋನ್ ಮಾರುವಾಗ ತಾನೇ ಮಾಡಿಕೊಟ್ಟ ಜೀಮೇಲ್, ಅದರ ಪಾಸ್‌ವರ್ಡ್ ಇಂದಿಗೂ ಅವನಿಗೆ ಮಾತ್ರ ಗೊತ್ತು. ಈ ಪಟ್ಟಿಯಲ್ಲಿ ಹೊರಬರುವುದು ಇಂಥವೇ. ಬಂದ್ ಆದ ನಂಬರನ್ನು ಮೊಬೈಲ್ ಕಂಪನಿ ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತದೆ, ಆಗ ನಿಮ್ಮ ಖಾತೆಯ ಒಟಿಪಿ ಅವರ ಕೈಗೆ. ಇಂಥ ನಂಬರು, ಇಮೇಲುಗಳನ್ನೆಲ್ಲ ಆ ಕೂತಲ್ಲೇ ಬದಲಿಸಿ, ಜೀಮೇಲ್ ಪಾಸ್‌ವರ್ಡನ್ನೂ ಸೇರಿಸಿ. ಜೀಮೇಲ್ ಹೋದರೆ ಉಳಿದದ್ದೆಲ್ಲ ಹೋದ ಹಾಗೆ.

ಹುಟ್ಟಿದ ವರ್ಷ ನೋಡಿ. ಬೇಗ ಖಾತೆ ಸಿಗಲಿ ಎಂದು 2000 ಅಥವಾ 1998 ಎಂದು ಕೊಟ್ಟವರು ತುಂಬ. 2025ರಿಂದ ಭಾರತದಲ್ಲೂ ಇನ್‌ಸ್ಟಾಗ್ರಾಂ ಹದಿಹರೆಯದವರಿಗೆ ಬೇರೆ ಬಗೆಯ ಖಾತೆ ಕೊಡುತ್ತಿದೆ: ಮೊದಲಿನಿಂದಲೇ ಪ್ರೈವೇಟ್, ಸಂಪರ್ಕವಿಲ್ಲದವರ ಮೆಸೇಜಿಗೆ ತಡೆ, ರಾತ್ರಿ 10ರಿಂದ ಬೆಳಿಗ್ಗೆ 7ರ ತನಕ ನೋಟಿಫಿಕೇಶನ್ ಮೌನ. 16 ತುಂಬದವರು ಇದನ್ನು ಸಡಿಲಿಸಲು ಹೆತ್ತವರ ಒಪ್ಪಿಗೆ ಬೇಕು. ಸುಳ್ಳು ವರ್ಷ ಕೊಟ್ಟ ಮಗುವನ್ನು ಆಪ್ ದೊಡ್ಡವರೆಂದೇ ನಂಬಿರುತ್ತದೆ, ಇದ್ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ. ಅಕೌಂಟ್ಸ್ ಸೆಂಟರ್, ಪರ್ಸನಲ್ ಡೀಟೇಲ್ಸ್ ಒಳಗೆ ಹೋಗಿ ಸರಿಪಡಿಸಿ.

## ಹಂತ 3: ಬೀಗ

ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್, ಟು-ಸ್ಟೆಪ್ ವೆರಿಫಿಕೇಶನ್. 6 ಅಂಕಿಯ ಪಿನ್ ಹಾಕಿ, ಕೆಳಗೆ ಕೇಳುವ ಇಮೇಲನ್ನೂ ಕೊಡಿ. ಇಮೇಲ್ ಬಿಟ್ಟರೆ ಪಿನ್ ಮರೆತ ದಿನ 7 ದಿನ ಕಾಯಬೇಕಾದೀತು. ಪಿನ್ ಆಗಿ ಹುಟ್ಟಿದ ದಿನ, ಬೈಕಿನ ನಂಬರ್ ಬೇಡ.

ನಂತರ ಲಿಂಕ್ಡ್ ಡಿವೈಸಸ್ ತೆರೆಯಿರಿ. ಗುರುತಿಲ್ಲದ ಕಂಪ್ಯೂಟರ್ ಅಲ್ಲಿದ್ದರೆ ಲಾಗ್ ಔಟ್ ಮಾಡಿ. ಪ್ರಿಂಟ್ ತೆಗೆಯಲು ಅಂಗಡಿಗೆ ಹೋದಾಗ ಅಲ್ಲಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು ಹಾಗೇ ಬಿಟ್ಟು ಬರುವುದು ಮಾಮೂಲಿ. ಆ ಕಂಪ್ಯೂಟರಿಗೆ ಕೂತವರಿಗೆಲ್ಲ ನಿಮ್ಮ ಚಾಟ್ ಕಾಣುತ್ತಿರುತ್ತದೆ.

ಇನ್‌ಸ್ಟಾಗ್ರಾಮಿನಲ್ಲಿ ಅಕೌಂಟ್ಸ್ ಸೆಂಟರ್, ಪಾಸ್‌ವರ್ಡ್ ಅಂಡ್ ಸೆಕ್ಯೂರಿಟಿ, ಟು-ಫ್ಯಾಕ್ಟರ್ ಅಥೆಂಟಿಕೇಶನ್. ಹಾಕಿದ ಮೇಲೆ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಮನೆಯಲ್ಲಿಡಿ. ಅದೇ ಜಾಗದಲ್ಲಿ ಈಗ ಎಲ್ಲೆಲ್ಲಿ ಲಾಗಿನ್ ಆಗಿದೆ ಎಂಬ ಪಟ್ಟಿಯೂ ಇರುತ್ತದೆ, ಅದನ್ನೂ ನೋಡಿ.

ಸಾಮಾನ್ಯ ತಪ್ಪು: ಪಾಸ್‌ವರ್ಡನ್ನು ಆಪ್ತ ಸ್ನೇಹಿತನ ಜೊತೆ ಹಂಚಿಕೊಳ್ಳುವುದು. ಆ ವಯಸ್ಸಿನಲ್ಲಿ ಅದು ನಂಬಿಕೆಯ ಗುರುತು, ಹಾಗಾಗಿ "ತಪ್ಪು" ಎಂದರೆ ಯಾರೂ ಕೇಳುವುದಿಲ್ಲ. "ಅವನ ಫೋನ್ ಕಳೆದುಹೋದರೆ ನಿನ್ನ ಖಾತೆಯೂ ಹೋಯಿತು" ಎಂದರೆ ಕೇಳುತ್ತಾರೆ.

ಇನ್ನೊಂದು: "ಸ್ಪರ್ಧೆಯಲ್ಲಿದ್ದೇನೆ, ನಿನಗೊಂದು ಕೋಡ್ ಬಂದಿದೆ, ಕಳಿಸು" ಎಂದು ಗೆಳತಿಯ ಖಾತೆಯಿಂದಲೇ ಬರುವ ಮೆಸೇಜ್. ಗೆಳತಿಯ ಖಾತೆ ಆಗಲೇ ಕಳ್ಳನ ಕೈಯಲ್ಲಿದೆ. ಕೋಡ್ ಕೇಳಿದವರು ಯಾರೇ ಆಗಲಿ, ಫೋನ್ ಮಾಡಿ ಸ್ವರ ಕೇಳದೆ ಉತ್ತರಿಸಬಾರದು.

## ಹಂತ 4: ಯಾರಿಗೆ ಏನು ಕಾಣುತ್ತದೆ

ಇಲ್ಲಿ ಜೋಡಿ ಮಾಡಿ. ಒಬ್ಬರು ಇನ್ನೊಬ್ಬರ ಪ್ರೊಫೈಲನ್ನು, ಸಂಪರ್ಕವಿಲ್ಲದ ಮೂರನೆಯವರ ಫೋನಿನಿಂದ ತೆರೆದು ಐದು ನಿಮಿಷದಲ್ಲಿ ಸಿಕ್ಕಿದ್ದನ್ನೆಲ್ಲ ಬರೆಯಲಿ: ಶಾಲೆ, ಊರು, ಬಸ್ಸು, ತಂಗಿಯ ಹೆಸರು, ಟ್ಯೂಶನ್ ಸಮಯ. ಇದನ್ನು ಜೋಡಿಯೊಳಗೇ ಇಟ್ಟುಕೊಳ್ಳಬೇಕು, ಗಟ್ಟಿಯಾಗಿ ಓದಿಸಬೇಡಿ. ನಿಮ್ಮ ಯಾವ ಭಾಷಣವೂ ಮಾಡದ ಕೆಲಸವನ್ನು ಆ ಚೀಟಿ ಮಾಡುತ್ತದೆ.

ಆಮೇಲೆ ಸೆಟ್ಟಿಂಗ್ಸ್. ವಾಟ್ಸಾಪ್ ಪ್ರೈವಸಿಯಲ್ಲಿ ಲಾಸ್ಟ್ ಸೀನ್, ಪ್ರೊಫೈಲ್ ಫೋಟೋ, ಅಬೌಟ್, ಸ್ಟೇಟಸ್ ನಾಲ್ಕನ್ನೂ "ಮೈ ಕಾಂಟ್ಯಾಕ್ಟ್ಸ್"ಗೆ ತನ್ನಿ. ಗ್ರೂಪ್ಸ್ ಎಂಬುದನ್ನೂ ಹಾಗೇ ಮಾಡಿ, ಇಲ್ಲದಿದ್ದರೆ ಯಾರು ಬೇಕಾದರೂ ಗುಂಪಿಗೆ ಎಳೆದುಕೊಳ್ಳಬಹುದು. ಸೈಲೆನ್ಸ್ ಅನ್‌ನೋನ್ ಕಾಲರ್ಸ್ ಆನ್ ಮಾಡಿ. ಆದರೆ ಗುಂಪಿನಲ್ಲಿದ್ದರೆ ಅಲ್ಲಿರುವ ಎಲ್ಲರಿಗೂ ನಿಮ್ಮ ನಂಬರ್ ಕಾಣುತ್ತದೆ, ಈ ಸೆಟ್ಟಿಂಗ್‌ಗಳು ಅದನ್ನು ಮುಚ್ಚುವುದಿಲ್ಲ. ಟ್ಯೂಶನ್ ಗುಂಪು, ಕ್ಲಬ್ ಗುಂಪು, ಜಾತ್ರೆಯ ಗುಂಪು ಎಂದು ಸೇರಿ ಮರೆತವುಗಳಿಂದ ಈಗಲೇ ಹೊರಬರಲಿ.

ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರೈವೇಟ್ ಮಾಡಿದರೆ ಕೆಲಸ ಮುಗಿಯಿತು ಎಂದು ಬಹುಪಾಲು ಜನ ತಿಳಿದಿದ್ದಾರೆ. ಮುಗಿಯಲಿಲ್ಲ. ಮೊದಲಿದ್ದ ಫಾಲೋವರುಗಳು ಒಳಗೇ ಉಳಿಯುತ್ತಾರೆ. ಪಟ್ಟಿ ತೆರೆದು ಎದುರಿಗೆ ಕಂಡು ಗೊತ್ತಿಲ್ಲದವರನ್ನು ಒಬ್ಬೊಬ್ಬರನ್ನಾಗಿ ರಿಮೂವ್ ಮಾಡಬೇಕು, ಅವರಿಗೆ ನೋಟಿಫಿಕೇಶನ್ ಹೋಗುವುದಿಲ್ಲ. 800 ಫಾಲೋವರ್ ಇರುವ ಮಗುವಿಗೆ ಇದು ಒಂದು ಬೈಠಕ್ಕಿನ ಕೆಲಸವೇ, ಅವಸರ ಮಾಡಬೇಡಿ. ಖಾತೆ ಪ್ರೈವೇಟ್ ಆದರೂ ಪ್ರೊಫೈಲ್ ಫೋಟೋ ಮತ್ತು ಬಯೋ ಎಲ್ಲರಿಗೂ ಕಾಣುತ್ತವೆ. ಬಯೋದಲ್ಲಿ ಶಾಲೆಯ ಹೆಸರು, ಹುಟ್ಟುಹಬ್ಬ ಇದ್ದರೆ ತೆಗೆಸಿ.

ಸ್ನ್ಯಾಪ್‌ಚಾಟ್ ಇದ್ದವರು ಮ್ಯಾಪಿನಲ್ಲಿ ಘೋಸ್ಟ್ ಮೋಡ್ (ತಾವಿರುವ ಜಾಗ ಬೇರೆಯವರಿಗೆ ಕಾಣದಂತೆ ಮಾಡುವ ಆಯ್ಕೆ) ಹಾಕಲಿ. ಸಾಕು.

## ಹಂತ 5: ಫೋಟೋದ ಹಿಂದೆ ಇರುವುದು

ಮುಖಕ್ಕಿಂತ ಹಿನ್ನೆಲೆ ಹೆಚ್ಚು ಮಾತಾಡುತ್ತದೆ. ಯೂನಿಫಾರಂ, ಬ್ಯಾಡ್ಜ್, ಬಸ್ಸಿನ ಬೋರ್ಡ್, ಗೇಟಿನ ಮೇಲಿನ ಮನೆ ಹೆಸರು. ನಮ್ಮಲ್ಲಿ ಮನೆ ಹೆಸರು ಮತ್ತು ಪೋಸ್ಟಾಫೀಸಿನ ಹೆಸರು ಸೇರಿದರೆ ಅದೇ ಪೂರ್ತಿ ವಿಳಾಸ. ಹೊರಗಿನವನು ಬಸ್ಸಿಳಿದು ಕೇಳಿದರೆ ಅಂಗಡಿಯವರು ದಾರಿ ತೋರಿಸಿ ಕಳಿಸುತ್ತಾರೆ.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ವಾರ ಇದರ ಹಬ್ಬ. ಫುಲ್ ಎ ಪ್ಲಸ್ (ಎಲ್ಲ ವಿಷಯಗಳಲ್ಲೂ ಎ ಪ್ಲಸ್) ಬಂದವರ ಫ್ಲೆಕ್ಸ್‌ನಲ್ಲಿ ಫೋಟೋ, ಹೆಸರು, ಅಪ್ಪ ಅಮ್ಮನ ಹೆಸರು, ಮನೆ ಹೆಸರು, ಶಾಲೆ ಎಲ್ಲ ಇರುತ್ತದೆ. ಫ್ಲೆಕ್ಸ್ ಜಂಕ್ಷನ್ನಿನಲ್ಲಿ ನಿಂತರೆ ಊರವರು ನೋಡುತ್ತಾರೆ, ಅದೇ ಡಿಸೈನ್ ವಾಟ್ಸಾಪಿನಲ್ಲಿ ಹೊರಟರೆ ಎಲ್ಲಿಯವರೆಗೆ ಹೋಯಿತು ಎಂದು ಹೇಳುವವರಿಲ್ಲ. ಕ್ಲಬ್ಬಿನವರಿಗೆ ನಮ್ಮ ಸಲಹೆ: ಮಗುವನ್ನೂ ಹೆತ್ತವರನ್ನೂ ಕೇಳಿ, ಹೆಸರು ಮತ್ತು ಶಾಲೆ ಮಾತ್ರ ಹಾಕಿ. ಮಕ್ಕಳಿಗೆ ಹೇಳಬೇಕಾದದ್ದು: ಅಂಕಪಟ್ಟಿಯ ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಬೇಡ. ರಿಜಿಸ್ಟರ್ ನಂಬರ್, ಹುಟ್ಟಿದ ದಿನ ಎರಡೂ ಸಿಕ್ಕವನು ನಿಮ್ಮ ಹೆಸರಿನಲ್ಲಿ ಮಾತಾಡಬಲ್ಲ. ಕಲೋತ್ಸವದ (ಶಾಲಾ ಕಲಾ ಸ್ಪರ್ಧೆಗಳ) ವಿಡಿಯೋ ಹಾಕುವ ಅಧ್ಯಾಪಕರಿಗೂ ಇದೇ ನಿಯಮ.

ಮಂಗಳೂರಿನ ಕಾಲೇಜಿಗೆ ದಿನಾ ರೈಲು ಅಥವಾ ಬಸ್ಸಿನಲ್ಲಿ ಹೋಗಿಬರುವವರು ಸ್ಟೋರಿಯನ್ನು ಮನೆ ಸೇರಿದ ಮೇಲೆ ಹಾಕಲಿ. ದಿನಾ ಅದೇ ಹೊತ್ತು, ಅದೇ ಬೋಗಿ ಎಂಬುದು ಹಿಂಬಾಲಿಸುವವನಿಗೆ ಸಾಕಷ್ಟಾಯಿತು.

ಲೊಕೇಶನ್: ಕ್ಯಾಮೆರಾ ಆಪ್‌ಗೆ ಲೊಕೇಶನ್ ಅನುಮತಿ ಇದ್ದರೆ ಫೋಟೋದೊಳಗೇ ಸ್ಥಳ ದಾಖಲಾಗುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಆ ದಾಖಲೆ ಅಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಕ್ಯಾಮೆರಾದ ಅನುಮತಿಯನ್ನೇ ತೆಗೆದುಬಿಡಿ. ಒಮ್ಮೆ ನೋಡಿದ ಮೇಲೆ ಮಾಯವಾಗುವ "ವ್ಯೂ ಒನ್ಸ್" ಫೋಟೋ ನಂಬಿ ಕೆಟ್ಟವರಿದ್ದಾರೆ. ಎದುರಿನವನ ಕೈಯಲ್ಲಿ ಇನ್ನೊಂದು ಫೋನ್ ಇದ್ದರೆ ಅದರಿಂದ ಪರದೆಯ ಫೋಟೋ ತೆಗೆಯುತ್ತಾನೆ.

## ಹಂತ 6: ಗುರುತಿಲ್ಲದವರ ಮಾತಿನ ದಾರಿ

"ಅಪರಿಚಿತರ ಜೊತೆ ಮಾತಾಡಬೇಡಿ" ಎಂಬುದು ಉಪಯೋಗಕ್ಕೆ ಬಾರದ ಉಪದೇಶ. ಗೇಮ್ ಆಡುವ, ರೀಲ್ಸ್ ಹಾಕುವ ಮಗು ದಿನಾ ಅಪರಿಚಿತರ ಜೊತೆ ಮಾತಾಡುತ್ತದೆ. ಮಾತು ಯಾವ ದಾರಿ ಹಿಡಿಯುತ್ತಿದೆ ಎಂದು ಗುರುತಿಸಲು ಕಲಿಸಿ.

ದಾರಿ ಸಾಮಾನ್ಯವಾಗಿ ಹೀಗೆ: ಹೊಗಳಿಕೆ. ನಂತರ "ಇಲ್ಲಿ ಬೇಡ, ಟೆಲಿಗ್ರಾಮಿಗೆ ಬಾ." ನಂತರ "ಇದು ನಮ್ಮಿಬ್ಬರಲ್ಲೇ ಇರಲಿ." ನಂತರ ಅವನೇ ಒಂದು ಫೋಟೋ ಕಳಿಸಿ ಬದಲಿಗೆ ಮಗುವಿನದ್ದು ಕೇಳುವುದು. ಎರಡನೆಯ ಮೆಟ್ಟಿಲಲ್ಲೇ ನಿಂತರೆ ಮುಂದಿನದ್ದು ಬರುವುದಿಲ್ಲ. ಹುಡುಗರನ್ನು ಬಿಟ್ಟು ಹುಡುಗಿಯರಿಗೆ ಮಾತ್ರ ಇದನ್ನು ಹೇಳುವ ತರಗತಿಗಳಿವೆ, ಅದು ದೊಡ್ಡ ತಪ್ಪು. ನಗ್ನ ವಿಡಿಯೋ ಕಾಲಿನ ಹೆಸರಿನಲ್ಲಿ ಹಣ ಸುಲಿಯುವವರ ಬಲೆಗೆ ಹುಡುಗರೇ ಸುಲಭವಾಗಿ ಬೀಳುತ್ತಾರೆ, ಮರ್ಯಾದೆಗೆ ಅಂಜಿ ಬಾಯಿಯನ್ನೂ ಬಿಡುವುದಿಲ್ಲ.

ಮಕ್ಕಳೇ ಇಬ್ಬಿಬ್ಬರಾಗಿ ಅಂಥ ಸಂಭಾಷಣೆ ಬರೆಯಲಿ, ತುಳುವಿನಲ್ಲೋ ಮಲಯಾಳದಲ್ಲೋ, ಅವರು ನಿಜವಾಗಿ ಚಾಟ್ ಮಾಡುವ ಭಾಷೆಯಲ್ಲಿ. ಪುಸ್ತಕದ ಕನ್ನಡದಲ್ಲಿ ಬರೆಸಿದರೆ ನಾಟಕವಾಗುತ್ತದೆ. ಪ್ರತಿ ಮೆಟ್ಟಿಲಿಗೂ ಹೊರಬರುವ ಒಂದು ವಾಕ್ಯ ಬಾಯಿಗೆ ಬರಲಿ. "ಅಮ್ಮ ನನ್ನ ಫೋನ್ ನೋಡ್ತಾರೆ" ಎಂಬ ಸುಳ್ಳು ಈ ಸಂದರ್ಭದಲ್ಲಿ ಒಳ್ಳೆಯದೇ.

ಪ್ಲಸ್ ಟು ಮತ್ತು ಡಿಗ್ರಿಯವರಿಗೆ ಒಂದು ಮಾತು ಹೆಚ್ಚು: "ನಿನ್ನ ಬ್ಯಾಂಕ್ ಖಾತೆಗೆ ಹಣ ಬರುತ್ತದೆ, ತೆಗೆದುಕೊಟ್ಟರೆ ಕಮಿಷನ್" ಎಂದವನ ಮಾತು ಕೇಳಿದರೆ ವಂಚನೆಯ ಹಣ ನಿಮ್ಮ ಖಾತೆಯ ಮೂಲಕ ಹಾದುಹೋಗುತ್ತದೆ, ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

## ಹಂತ 7: ಕೆಟ್ಟ ದಿನದ ಅಭ್ಯಾಸ

ಇದನ್ನು ಮಾತಿನಲ್ಲಿ ಮುಗಿಸಬೇಡಿ, ಮಾಡಿಸಿ. "ಹಣ ಕೊಡದಿದ್ದರೆ ಫೋಟೋ ಎಲ್ಲರಿಗೂ ಕಳಿಸುತ್ತೇನೆ" ಎಂಬ ಮೆಸೇಜ್ ಬಂದಿದೆ ಎಂದಿಟ್ಟುಕೊಂಡು ಪ್ರತಿ ಮಗುವೂ ಈ ಕ್ರಮದಲ್ಲಿ ಕೈಯಾಡಿಸಲಿ.

1. ಉತ್ತರಿಸಬೇಡ, ಹಣ ಕೊಡಬೇಡ. ಒಮ್ಮೆ ಕೊಟ್ಟರೆ ಎರಡನೇ ಬೇಡಿಕೆ ಬರುತ್ತದೆ.

2. ಅಳಿಸಬೇಡ. ಹೆದರಿದ ಮಗು ಮೊದಲು ಮಾಡುವುದೇ ಚಾಟ್ ಡಿಲೀಟ್, ಜೊತೆಗೆ ಸಾಕ್ಷಿಯೂ ಹೋಯಿತು. ಬೆದರಿಕೆಯ ಮಾತು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆ. ಯೂಸರ್‌ನೇಮ್ ಬದಲಿಸಿಕೊಳ್ಳಬಹುದಾದ್ದರಿಂದ ಪ್ರೊಫೈಲಿನ ಲಿಂಕನ್ನೂ ಕಾಪಿ ಮಾಡಿಕೋ.

3. ಹೇಳಬೇಕಾದ ಒಬ್ಬ ದೊಡ್ಡವರ ಹೆಸರನ್ನು ಇಂದೇ ಬರೆದಿಡು. ಅಮ್ಮ ಆಗದಿದ್ದರೆ ಚಿಕ್ಕಮ್ಮ, ಟೀಚರ್, ಶಾಲೆಯ ಕೌನ್ಸಿಲರ್.

4. ಆಪ್‌ನಲ್ಲಿ ರಿಪೋರ್ಟ್, ಆಮೇಲೆ ಬ್ಲಾಕ್. ಕ್ರಮ ತಿರುಗಿಸಬೇಡ. ತುಳುವಿನ ಬೈಗುಳವನ್ನು ಯಂತ್ರ ತಾನಾಗಿ ಗುರುತಿಸೀತು ಎಂದು ನಂಬಿ ಕೂರಬೇಡ.

5. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. ಮೊದಲ ಗಂಟೆಯಲ್ಲೇ ಹೇಳಿದರೆ ಹಣವನ್ನು ದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್ (ಆ ವ್ಯವಹಾರದ ಗುರುತಿನ ಸಂಖ್ಯೆ) ಎಲ್ಲಿದೆ ಎಂದು ಇಂದೇ ಹುಡುಕಿ ನೋಡಿ. ಉಳಿದ ದೂರುಗಳಿಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ (cybercrime.gov.in) ಜಾಲತಾಣ. ಮಕ್ಕಳ ಸಹಾಯಕ್ಕೆ 1098, ತುರ್ತಿಗೆ 112.

ಇಲ್ಲಿ ದೊಡ್ಡವರು ಮಾಡುವ ಅನಾಹುತ ಒಂದಿದೆ: "ಆ ಫೋಟೋ ನನಗೊಮ್ಮೆ ಕಳಿಸು, ನೋಡುತ್ತೇನೆ." 18ರೊಳಗಿನವರ ಅಂಥ ಚಿತ್ರವನ್ನು ಕಳಿಸುವುದು, ಇಟ್ಟುಕೊಳ್ಳುವುದು ಐಟಿ ಕಾಯ್ದೆಯ 67ಬಿ ಸೆಕ್ಷನ್ ಮತ್ತು ಪೋಕ್ಸೊ ಅಡಿಯಲ್ಲಿ ಅಪರಾಧ, ಉದ್ದೇಶ ಒಳ್ಳೆಯದೆಂದರೂ ತೊಡಕು ತಪ್ಪದು. ನೋಡಬೇಡಿ, ಕಳಿಸಿಕೊಳ್ಳಬೇಡಿ, ಫೋನನ್ನು ಇದ್ದ ಹಾಗೆಯೇ ಪೊಲೀಸರ ಮುಂದಿಡಿ. ಎಐ ಬಳಸಿ ಮುಖ ಅಂಟಿಸಿದ ನಕಲಿ ಚಿತ್ರವಾದರೂ ಇದೇ ಕ್ರಮ.

ಚಿತ್ರ ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ 18ರೊಳಗೆ ತೆಗೆದ ಚಿತ್ರಗಳಿಗಿದೆ, ದೊಡ್ಡವರಿಗೆ ಸ್ಟಾಪ್ ಎನ್‌ಸಿಐಐ. ಎರಡರಲ್ಲೂ ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ. ಚಿತ್ರದಿಂದ ಲೆಕ್ಕ ಹಾಕಿದ ಅಂಕಿಗಳ ಗುರುತು (ಹ್ಯಾಶ್) ಮಾತ್ರ ಹೋಗುತ್ತದೆ, ಸೇರಿಕೊಂಡ ಆಪ್‌ಗಳು ಅದನ್ನು ಹೋಲಿಸಿ ತಡೆಯುತ್ತವೆ.

### ಗಡಿಯ ಗೊಂದಲ

ಮಗು ಕೇರಳದ ಉಪ್ಪಳದ್ದು, ಕಾಲೇಜು ಕರ್ನಾಟಕದ ಮಂಗಳೂರಿನಲ್ಲಿ, ಬೆದರಿಸುವವನು ಎಲ್ಲಿಯವನೋ. "ಅಲ್ಲಿಗೆ ಹೋಗಿ ದೂರು ಕೊಡಿ" ಎಂದು ಅಲೆಯುವುದು ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ಹತ್ತಿರದ ಠಾಣೆ ದಾಖಲಿಸಿಕೊಳ್ಳಬೇಕು. ಕಾಸರಗೋಡಿನಲ್ಲಿ ಸೈಬರ್ ಠಾಣೆಯೂ ಇದೆ.

ದೂರನ್ನು ಕನ್ನಡದಲ್ಲೇ ಬರೆಯಿರಿ, ಮಗು ಯೋಚಿಸುವ ಭಾಷೆಯಲ್ಲಿ ವಿವರ ತಪ್ಪುವುದಿಲ್ಲ. ಜೊತೆಗೆ ಒಂದು ಮಲಯಾಳ ಪ್ರತಿ ಇಟ್ಟರೆ ಓದುವವರಿಗೆ ಅನುಕೂಲ, ಕೆಲಸವೂ ಬೇಗ. ತುಳು ಚಾಟ್ ಇದ್ದರೆ ಪ್ರತಿ ಸ್ಕ್ರೀನ್‌ಶಾಟಿನ ಕೆಳಗೆ ಅರ್ಥ ಬರೆದುಕೊಡಿ.

## ಎಚ್ಚರದ ಗುರುತುಗಳು

ಫೋನ್ ಹೆಚ್ಚು ನೋಡುವುದಕ್ಕಿಂತ ನೋಡುವುದನ್ನು ಥಟ್ಟನೆ ಬಿಟ್ಟದ್ದು ಹೆಚ್ಚು ಅನುಮಾನಕ್ಕೆ ಎಡೆ. ಮೆಸೇಜ್ ಸದ್ದಿಗೆ ಬೆಚ್ಚುವುದು, ಕಾರಣ ಹೇಳದೆ ಐನೂರು, ಸಾವಿರ ಕೇಳುವುದು, ಖಾತೆಯನ್ನೇ ಅಳಿಸಿಬಿಡುವುದು, ಶಾಲೆಗೆ ಹೋಗಲು ಹಟ ಹಿಡಿದು ನಿರಾಕರಿಸುವುದು. "ನನ್ನ ಫ್ರೆಂಡಿಗೆ ಒಬ್ಬ ಹೀಗೆ ಮಾಡ್ತಾ ಇದ್ದಾನೆ ಮಾಷ್ಟ್ರೇ" ಎಂದರೆ ಆ ಫ್ರೆಂಡ್ ಎದುರಿಗೇ ನಿಂತಿರಬಹುದು. ಯಾರೆಂದು ಕೇಳದೆ ಫ್ರೆಂಡಿಗೆ ಹೇಳುವಂತೆಯೇ ಕ್ರಮ ಹೇಳಿಕೊಡಿ. ಸಾಯುವ ಮಾತು ಬಾಯಿಗೆ ಬಂದರೆ ಮಗುವನ್ನು ಒಂಟಿ ಬಿಡಬೇಡಿ, ಆ ಕ್ಷಣವೇ 112 ಅಥವಾ 1098.

ಎರಡನೇ ಖಾತೆ ಇದೆ ಎಂಬುದು ಮಾತ್ರವೇ ಅಪಾಯದ ಗುರುತಲ್ಲ. ಆಪ್ತ ಸ್ನೇಹಿತರಿಗೆಂದು ಬೇರೆ ಖಾತೆ ಇಡುವುದು ಮಕ್ಕಳಲ್ಲಿ ರೂಢಿ. ಅದಕ್ಕೂ ಹಂತ 2ರಿಂದ 4ರವರೆಗೆ ಮಾಡಿಸಿ.

## ಹಂತ 8: ಮತ್ತೆ ನೋಡುವುದು

ಒಂದು ತಿಂಗಳ ನಂತರ ಅದೇ ಗುಂಪು, ಅದೇ ಕಾಗದ, ಇಪ್ಪತ್ತು ನಿಮಿಷ. ಪಿನ್ ನೆನಪಿದೆಯೇ, ಲಿಂಕ್ಡ್ ಡಿವೈಸಸ್‌ನಲ್ಲಿ ಹೊಸದೇನಾದರೂ ಇದೆಯೇ, ಫಾಲೋವರ್ ಪಟ್ಟಿಗೆ ಯಾರು ಸೇರಿದ್ದಾರೆ. ಆಪ್ ಅಪ್‌ಡೇಟ್ ಆದಾಗ ಮೆನುಗಳ ಜಾಗ ಬದಲಾಗುತ್ತದೆ, ತರಗತಿಯ ಹಿಂದಿನ ರಾತ್ರಿ ನಿಮ್ಮ ಫೋನಿನಲ್ಲಿ ಒಮ್ಮೆ ಓಡಾಡಿ ನೋಡಿಕೊಳ್ಳಿ.

ಆಮೇಲೆ ಹೊಸ ಫೋನ್ ಬಂದಾಗ, ಸಿಮ್ ಬದಲಾದಾಗ, ಹಳೆಯ ಫೋನನ್ನು ತಂಗಿಗೆ ಕೊಡುವಾಗ ಹಂತ 2 ಮತ್ತು 3 ಮತ್ತೆ ಆಗಬೇಕು. ಹಳೆಯ ಫೋನನ್ನು ಕೊಡುವ ಮೊದಲು ಜೀಮೇಲ್ ಖಾತೆ ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿ, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ.